ದೇವಿಗೆ ನಲವತ್ತು ಅಡಿ

ಹೆಬ್ಬಗೋಡಿ
14 ಸೆಪ್ಟೆಂಬರ್ 2025, ಭಾನುವಾರ

ತಾತ,

ಕ್ಷಮಿಸು. ಕಾಲೇಜಿಗೆ ಸೇರಿ ಎರಡು ತಿಂಗಳಾದರೂ ಒಂದು ಸಾಲು ಬರೆಯದವಳು, ಈಗ ಕೆಲಸ ಬಿದ್ದ ಮೇಲೆ ಬರೆಯುತ್ತಿದ್ದಾಳೆ ಅಂತ ನಿನಗೆ ಅನ್ನಿಸುತ್ತೆ. ಅದು ಸರಿಯೇ. ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಮುರಳಿ ಚಿಕ್ಕಪ್ಪನ ಮೊಬೈಲಿಗೆ ಮೆಸೇಜ್ ಹಾಕಿದರೆ, ನಿನಗೆ ಓದಿ ಹೇಳುವಾಗ ಅವನು ಅರ್ಧ ತನ್ನದೇ ಸೇರಿಸುತ್ತಾನೆ. ಅದಕ್ಕೇ ಈ ಕಾಗದ. ನನ್ನ ಕನ್ನಡ ನೋಡಿ ನಗಬೇಡ. ಆರನೇ ಕ್ಲಾಸಿನಿಂದ ವಸತಿ ಶಾಲೆಯಲ್ಲಿ ಇದ್ದು ಇದ್ದು, ಮೊದಲು ಇಂಗ್ಲಿಷಿನಲ್ಲಿ ಯೋಚನೆ ಬರುತ್ತೆ, ಆಮೇಲೆ ಅದನ್ನು ಎಳೆದು ತರಬೇಕು.

ಕೆಲಸ ಏನೆಂದರೆ, ಊರಲ್ಲಿ ಈ ವರ್ಷ ಕೆರೆ ಹಬ್ಬ ಮಾಡುತ್ತಾರಂತೆ. ನಲ್ಲಪ್ಪ ಒಂದು ಸೇವಾ ಸಮಿತಿ ಕಟ್ಟಿದ್ದಾನೆ, ಚಿಕ್ಕಪ್ಪ ಅದರ ಕಾರ್ಯದರ್ಶಿ. ಪಾಲಿಕೆ ಚುನಾವಣೆ ಇವತ್ತೋ ನಾಳೆಯೋ ಅಂತಿರುವಾಗ ಅದಕ್ಕೆ ನಿಲ್ಲಬೇಕಂತಿರುವ ಅವನಿಗೆ ಹಬ್ಬ ಯಾಕೆ ನೆನಪಾಯಿತು ಅಂತ ನಿನಗೂ ಗೊತ್ತು. ಹಬ್ಬದ ಇತಿಹಾಸದ ಮೇಲೆ ಒಂದು ಪುಸ್ತಿಕೆ ಬೇಕಂತೆ. ಕನ್ನಡದಲ್ಲಿ ಊರಿನವರಿಗೆ, ಇಂಗ್ಲಿಷಿನಲ್ಲಿ ಕೆರೆ ಪಕ್ಕದ ಅಪಾರ್ಟ್‌ಮೆಂಟಿನವರಿಗೆ. "ನಮ್ಮನೇಲೇ ಇಂಗ್ಲಿಷ್ ಮೀಡಿಯಮ್ ಹುಡುಗಿ ಇಟ್ಕೊಂಡು ಹೊರಗಡೆ ಬರೆಸ್ಲಾ?" ಅಂದ. ಇಲ್ಲ ಅನ್ನಲು ಆಗಲಿಲ್ಲ. ನನಗೆ ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ, ಅದೇ ನನ್ನ ರೋಗ.

ನೀನು ಗದ್ದೆಗಳಿಗೆ ಕೆರೆ ನೀರು ಬಿಡುವ ನೀರುಗಂಟಿ ಆಗಿದ್ದಾಗ ಕೆರೆ ತುಂಬಿ ಕೋಡಿ ಬಿದ್ದರೆ ಏನು ಮಾಡುತ್ತಿದ್ದಿರಿ? ತೂಬು ಎತ್ತಿದ ಮೇಲೆ ನೀನು ಯಾವ ದಾರಿಯಲ್ಲಿ ನಡೆಯುತ್ತಿದ್ದೆ? ಯಾರು ಮುಂದೆ, ಯಾರು ಹಿಂದೆ? ನೆನಪಿದ್ದಷ್ಟು ಬರಿ.

ಇಲ್ಲಿ ಎಲ್ಲ ಸರಿ ಇದೆ. ಮ್ಯಾಥ್ಸ್ ಮಾತ್ರ ಅರ್ಥವಾಗುತ್ತಿಲ್ಲ. ಅಪ್ಪ ಅಮ್ಮನಿಗೆ ಹೇಳಬೇಡ. ಕೆಲಸಕ್ಕೆಂದು ಹೋಗಿರುವ ನಾಗಸಂದ್ರದ ಆ ರೂಮಿನಲ್ಲಿ ಅವರಿಗೆ ನಿದ್ದೆ ಬರುವುದೇ ಕಡಿಮೆ.

ನಿನ್ನ
ಸೌಮ್ಯ

*

23-9-2025

ಚಿ. ಸೌಮ್ಯಳಿಗೆ ತಾತನ ಆಶೀರ್ವಾದ.

ನಿನ್ನ ಕಾಗದ ಬಂತು. ಬ್ಯಾಂಕಿನ ನೋಟೀಸು ಬಿಟ್ಟು ಈ ಮನೆಗೆ ಬೇರೆ ಕಾಗದ ಬಂದಿದ್ದು ನೋಡಿ ಪೋಸ್ಟಿನವನೇ ನಕ್ಕ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಿನ್ನ ಕನ್ನಡಕ್ಕೆ ನಾನು ನಕ್ಕರೆ ನನ್ನ ಕನ್ನಡಕ್ಕೆ ಯಾರು ನಗಬೇಕು.

ನೀನು ಕೇಳಿದ್ದು ಹೇಳುತ್ತೇನೆ. ಬೆಳಗಿನ ಜಾವ ಎದ್ದು ಮಣ್ಣು ಎಳೆಯುವ ಸನಿಕೆ ಹೆಗಲ ಮೇಲೆ ಹಾಕಿಕೊಂಡು ಏರಿ ಮೇಲೆ ಹೋಗಿ ತೂಬು ಎತ್ತುವುದು. ಕತ್ತಲಿದ್ದರೆ ಲಾಟೀನು. ಆಮೇಲೆ ಕಾಲುವೆ ಹಿಡಿದು ಕೆಳಗಿನ ಬಯಲಿನಲ್ಲಿ ನಡೆದು ಊರ ತನಕ ಬರುವುದು. ಏಡಿ ತೂತು ಮಾಡಿದ್ದರೆ ಮಣ್ಣು ಮೆತ್ತಬೇಕು. ಯಾರಾದರೂ ಕದ್ದು ತಮ್ಮ ಗದ್ದೆಗೆ ತಿರುಗಿಸಿಕೊಂಡಿದ್ದರೆ ಬೈಸಿಕೊಂಡು ಕಟ್ಟಬೇಕು. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ನಾನೊಬ್ಬನೇ.

ಕೋಡಿ ಬಿದ್ದ ವರ್ಷ ಹೆಂಗಸರು ತಂಬಿಟ್ಟಿನ ದೀಪ ತರುತ್ತಿದ್ದರು. ಬಾಳೆದಿಂಡಿನ ತೆಪ್ಪದಲ್ಲಿ ಇಟ್ಟು ಬಿಡುವುದು ನಲ್ಲಪ್ಪನ ತಾತನ ಮನೆಯವರು. ಅವರು ಗಂಗಮ್ಮನ ಗುಡಿ ಕಟ್ಟೆಯ ಮೇಲೆ, ನಾವು ಕೆಳಗೆ. ನಮ್ಮ ಪಾಲಿನ ತಂಬಿಟ್ಟು ಮೇಲಿಂದ ಹಾಕುತ್ತಿದ್ದರು, ಟವೆಲ್ ಒಡ್ಡಿ ಹಿಡಿದುಕೊಳ್ಳುತ್ತಿದ್ದೆವು. ಕೆಳಗಿನ ಬಯಲಿನಲ್ಲಿ ನಮ್ಮವರು ಕೋಳಿ ಕೊಯ್ದು ಅಡುಗೆ ಮಾಡಿ ಉಂಡು ಬರುತ್ತಿದ್ದೆವು. ಇಷ್ಟೇ. ಇದರಲ್ಲಿ ಪುಸ್ತಕಕ್ಕೆ ಆಗುವಂಥದ್ದು ಏನೂ ಇಲ್ಲ ಮಗಾ.

ಹೊಟ್ಟೆಗೆ ಸರಿಯಾಗಿ ತಿನ್ನು.

ಚಿಕ್ಕಮುನಿಯಪ್ಪ

*

ಹೆಬ್ಬಗೋಡಿ
8 ಅಕ್ಟೋಬರ್ 2025

ತಾತ,

ಪುಸ್ತಿಕೆ ಬರೆದು ಕಳಿಸಿದೆ. ಚಿಕ್ಕಪ್ಪನಿಗೆ ತುಂಬ ಇಷ್ಟವಾಯಿತಂತೆ. "ಸಕ್ಕತ್ತಾಗ್ ಬರ್ದಿದೀಯ ಮಗಾ, ನಲ್ಲಪ್ಪಣ್ಣ ಎರಡ್ ಸಲ ಓದ್ಸಿದ್ರು" ಅಂದ.

ನಿನಗೆ ಒಂದು ವಿಷಯ ಹೇಳಬೇಕು. ನೀನು ಬರೆದಿದ್ದರ ಜೊತೆಗೆ ನಾನು ಸ್ವಲ್ಪ ಸೇರಿಸಿದ್ದೇನೆ. ಶಾಲೆಯಲ್ಲಿ ಪ್ರಬಂಧ ಸ್ಪರ್ಧೆಗೆ ಹೋಗುವಾಗ ನಮ್ಮ ಮೇಡಂ ಹೇಳುತ್ತಿದ್ದರು, ಅನಾದಿ ಕಾಲದಿಂದಲೂ ಅಂತ ಶುರು ಮಾಡು, ಬಹುಮಾನ ಕೊಡುವವರಿಗೆ ಹಿಡಿಸುತ್ತೆ ಅಂತ. ನಿನ್ನ ಭಾಗವನ್ನು ಹಾಗೇ ಶುರು ಮಾಡಿದೆ. ಏಳನೇ ಪುಟದಲ್ಲಿ ಹೀಗಿದೆ:

"ಅನಾದಿ ಕಾಲದಿಂದಲೂ ಕೋಡಿ ಬಿದ್ದ ದಿನ ಗಂಗಮ್ಮ ತಾಯಿಯು ತೂಬಿನಿಂದ ಹೊರಟು, ಕೆಳಗಿನ ಬಯಲನ್ನು ಹಾದು ಊರನ್ನು ಪ್ರವೇಶಿಸುವಳು. ಪಂಜು ಹಿಡಿದ ನೀರುಗಂಟಿಯು ಆಕೆಯ ಮುಂದೆ ನಡೆಯುವನು. ಅವನ ಹೆಜ್ಜೆಗಿಂತ ಮುಂದೆ ಹೆಜ್ಜೆ ಇಡುವ ಅಧಿಕಾರ ಊರಿನಲ್ಲಿ ಯಾರಿಗೂ ಇಲ್ಲ."

ಕೆಳಗೆ, ಇದು ಹಿರಿಯ ನೀರುಗಂಟಿ ಶ್ರೀ ಚಿಕ್ಕಮುನಿಯಪ್ಪನವರು ತಿಳಿಸಿದಂತೆ ಅಂತ ನಿನ್ನ ಹೆಸರು ಹಾಕಿದ್ದೇನೆ.

ಕೋಪ ಮಾಡಿಕೊಳ್ಳಬೇಡ. ಟವೆಲ್ ಒಡ್ಡಿ ಹಿಡಿದುಕೊಳ್ಳುತ್ತಿದ್ದೆವು ಅಂತ ನೀನು ಬರೆದಿದ್ದನ್ನು ಲೈಬ್ರರಿಯಲ್ಲಿ ಕೂತು ಓದಿದೆ. ಅದನ್ನು ಬರೆದರೆ ಅವರು ಅಚ್ಚು ಹಾಕಿಸುವುದಿಲ್ಲ. ಬರೆಯದಿದ್ದರೆ ನೀನು ಇರುವುದೇ ಇಲ್ಲ. ಹೇಗಿದ್ದರೂ ಅವರು ಹೊಸದಾಗಿ ಏನೋ ಒಂದು ಮಾಡುತ್ತಾರೆ, ಅದರಲ್ಲಿ ನೀನು ಮುಂದೆ ಇರು ಅನ್ನಿಸಿತು.

ನನ್ನ ರೂಮಿನಲ್ಲಿ ಸುಮಂಗಲಾ ಅಂತ ಒಬ್ಬಳಿದ್ದಾಳೆ. ಸುರಪುರದ ಕಡೆಯವಳು, ಆದರೆ ಅಪ್ಪ ಅಮ್ಮ ಇರುವುದು ನಮ್ಮೂರಿನಲ್ಲೇ ಅಂತ ಮೊನ್ನೆ ಗೊತ್ತಾಯಿತು. ಅಪ್ಪ ಬಸಲಿಂಗ ಸೆಂಟ್ರಿಂಗ್ ಕೆಲಸ, ಅಮ್ಮ ಮಹಾನಂದಾ ಗಾರೆ ಕೆಲಸ. ಅವಳು ನನಗೆ ಮ್ಯಾಥ್ಸ್ ಹೇಳಿಕೊಡುತ್ತಾಳೆ. "ಇಷ್ಟ್ ಅಂಜಿದ್ರ ಹೆಂಗ? ಲೆಕ್ಕ ಏನ್ ಕಡೀತದೇನ ನಿನ್ನ?" ಅನ್ನುತ್ತಾಳೆ. ಅವಳು ಬಂದ ಮೇಲೆ ನನಗೆ ಎದೆ ಹೊಡೆದುಕೊಳ್ಳುವುದು ಸ್ವಲ್ಪ ಕಡಿಮೆಯಾಗಿದೆ.

ಸೌಮ್ಯ

*

12-11-2025

ಚಿ. ಸೌಮ್ಯಳಿಗೆ,

ಹಬ್ಬ ಆಯಿತು. ನೀನು ಪರೀಕ್ಷೆ ಅಂತ ಬರಲಿಲ್ಲ, ಆದ್ದರಿಂದ ಬರೆಯುತ್ತೇನೆ.

ಕೆರೆಯಲ್ಲಿ ನೊರೆ ಎದ್ದು ವಾಸನೆ ತಡೆಯಲು ಆಗುತ್ತಿರಲಿಲ್ಲ. ತೆಪ್ಪ ಬಿಟ್ಟರೆ ನೊರೆಯೊಳಗೆ ಕಾಣುವುದಿಲ್ಲ ಅಂತ, ಏರಿ ಪಕ್ಕ ಪ್ಲಾಸ್ಟಿಕ್ಕಿನ ದೊಡ್ಡ ತೊಟ್ಟಿ ಇಟ್ಟು ಟ್ಯಾಂಕರ್ ನೀರು ತುಂಬಿಸಿ ಅದರಲ್ಲಿ ಬಿಟ್ಟರು. ಅಪಾರ್ಟ್‌ಮೆಂಟಿನವರು ಪಂಚೆ ಉಟ್ಟು ಬಂದಿದ್ದರು. ಒಬ್ಬರ ಪಂಚೆ ನಿಲ್ಲದೆ ಬೆಲ್ಟ್ ಹಾಕಿದ್ದರು. ನಲ್ಲಪ್ಪ ಮೈಕಿನಲ್ಲಿ ಪರಂಪರೆ ಪರಂಪರೆ ಅಂತ ಎಷ್ಟು ಸಲ ಅಂದನೋ, ಕಿವಿ ಕೇಳದ ನನಗೂ ಕೇಳಿಸಿತು.

ನನ್ನ ಕೈಗೆ ಪಂಜು ಕೊಟ್ಟು ಮುಂದೆ ಬಿಟ್ಟರು. ಎಲ್ಲರೂ ನನ್ನ ಹಿಂದೆ. ಅವಸರದಲ್ಲಿ ಯಾರೋ ದಾಟಿ ಬಂದಿದ್ದಕ್ಕೆ ನಲ್ಲಪ್ಪನೇ ತೋಳು ಹಿಡಿದು ಎಳೆದ, "ನೀರುಗಂಟಿ ಮುಂದೆ ಹೋಗ್ಬಾರ್ದು ಕಣ್ರೀ, ಪುಸ್ತಕದಲ್ಲೈತೆ" ಅಂದನಂತೆ. ಗುಡಿ ಕಟ್ಟೆ ಹತ್ತಿಸಿ ಪೇಟ ಸುತ್ತಿದರು. ಮೆಟ್ಟಿಲು ಐದು. ಹತ್ತುವಾಗ ಒಂದೊಂದೇ ಎಣಿಸಿದೆ.

ಆ ಕಟ್ಟೆ ಮೇಲೆ ನಮ್ಮಪ್ಪ ನಿಂತವನಲ್ಲ, ಅವರಪ್ಪ ನಿಂತವನಲ್ಲ. ನಿಮ್ಮ ಅಜ್ಜಿ ಮಾರಕ್ಕ ಇದ್ದಿದ್ದರೆ ಅಂಗೆ ನೋಡುತ್ತಾ ನಿಂತುಬಿಡುತ್ತಿದ್ದಳು.

ನೀನು ಬರೆದ ಹಾಗೆ ನಾನು ಯಾವತ್ತೂ ನಡೆದಿಲ್ಲ ಮಗಾ. ಆದರೆ ಮೊನ್ನೆ ನಡೆದೆ. ಇದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು.

ಚಿಕ್ಕಮುನಿಯಪ್ಪ

*

ಹೆಬ್ಬಗೋಡಿ
14 ಡಿಸೆಂಬರ್ 2025

ತಾತ,

ಇದನ್ನು ಮೂರನೇ ಸಲ ಬರೆಯುತ್ತಿದ್ದೇನೆ. ಮೊದಲ ಎರಡು ಹರಿದು ಹಾಕಿದೆ.

ಸುಮಂಗಲಾಳ ಅಪ್ಪ ಅಮ್ಮ ಇರುವುದು ಕೆಳಗಿನ ಬಯಲಿನ ತಗಡಿನ ಶೆಡ್ಡುಗಳಲ್ಲಿ. ಮೂವತ್ತೆರಡು ಮನೆ. ಅವರು ಬಂದು ಹನ್ನೊಂದು ವರ್ಷವಾಯಿತಂತೆ. ಹೋದ ವಾರ ಅವರಿಗೆ ನೋಟೀಸ್ ಬಂದಿದೆ, ಗಂಗಮ್ಮನ ದಾರಿಯನ್ನು ಒತ್ತುವರಿ ಮಾಡಿದ್ದೀರಿ, ತೆರವು ಮಾಡಿ ಅಂತ. ಸಮಿತಿ ಕೊಟ್ಟ ಅರ್ಜಿಯ ಮೇಲೆ.

ಸುಮಂಗಲಾ ಊರಿಂದ ಆ ಅರ್ಜಿಯ ಝೆರಾಕ್ಸ್ ತಂದಿದ್ದಳು. ಅದಕ್ಕೆ ನಮ್ಮ ಪುಸ್ತಿಕೆಯ ಏಳನೇ ಪುಟ ಪಿನ್ ಮಾಡಿದ್ದಾರೆ. ಮಂಚದ ಮೇಲೆ ಕೂತು ಜೋರಾಗಿ ಓದಿದಳು. ಅನಾದಿ ಕಾಲದಿಂದಲೂ. ಆ ಹುಡುಗಿ ಓದುವುದು ಚೆನ್ನಾಗಿದೆ ತಾತ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾಳೆ. ಓದಿ ಮುಗಿಸಿ, "ಯಾವ ಪುಣ್ಯಾತ್ಮ ಬರ್ದಾನೋ, ಛಂದ್ ಬರ್ದಾನ. ನಮ್ಮ ಮನಿ ಕೆಡವಾಕ ಇಷ್ಟ್ ಛಂದ್ ಬರಿಬೇಕಾಗಿತ್ತೇನ?" ಅಂದಳು. ಪುಸ್ತಿಕೆಯ ಮೇಲೆ ನನ್ನ ಹೆಸರಿಲ್ಲ. ನಾನು ಬಕೆಟ್ ತೆಗೆದುಕೊಂಡು ನೀರಿಗೆ ಹೋದೆ. ನಲ್ಲಿಯಲ್ಲಿ ನೀರು ಬರುವ ಹೊತ್ತೇ ಅಲ್ಲ ಅದು.

ಆಮೇಲೆ ಅರ್ಜಿಯನ್ನು ನಾನೇ ಓದಿದೆ. ದೇವಿಯ ದಾರಿ ನಲವತ್ತು ಅಡಿ ಅಗಲ ಅಂತಿದೆ. ನಾನು ಅಗಲವನ್ನೇ ಬರೆದಿರಲಿಲ್ಲ. ಆ ದಾರಿಯಲ್ಲಿ ಮಾಂಸ ಬೇಯಿಸುವುದು ಸಂಪ್ರದಾಯಕ್ಕೆ ವಿರುದ್ಧ ಅಂತಲೂ ಇದೆ. ಅದನ್ನೂ ನಾನು ಬರೆದಿರಲಿಲ್ಲ. ನೀವು ಅಲ್ಲೇ ಕೋಳಿ ಕೊಯ್ಯುತ್ತಿದ್ದಿರಿ ಅಂತ ನೀನು ಬರೆದಿದ್ದನ್ನು ಬಿಟ್ಟಿದ್ದು ಮಾತ್ರ ನಾನೇ. ನಲವತ್ತು ಅಡಿ ಯಾಕೆ ಅಂತ ಸುಮಂಗಲಾಳ ಅಪ್ಪನಿಗೆ ಗೊತ್ತಂತೆ. ಅಪಾರ್ಟ್‌ಮೆಂಟಿನ ಹಿಂದಿನ ಗೇಟಿನಿಂದ ಮುಖ್ಯ ರಸ್ತೆಗೆ ನೇರ ದಾರಿ ಆ ಬಯಲಿನಲ್ಲೇ ಆಗಬೇಕಾಗಿರುವುದು. ಗೇಟು ಮೊದಲೇ ಇಟ್ಟಿದ್ದಾರೆ, ಬೀಗ ಹಾಕಿ.

ತಾತ, ಅಲ್ಲಿ ದೇವಿಯ ದಾರಿ ಇರಲಿಲ್ಲ ಅಂತ ಹೇಳಲು ನಿನ್ನ ಬಿಟ್ಟು ಯಾರಿದ್ದಾರೆ? ಪುಸ್ತಿಕೆಯಲ್ಲಿ ನಿನ್ನ ಹೆಸರೇ ಸಾಕ್ಷಿ. ಒಂದು ಮಾತು ಹೇಳುತ್ತೀಯಾ?

ಸೌಮ್ಯ

*

ಹೆಬ್ಬಗೋಡಿ
6 ಜನವರಿ 2026

ತಾತ,

ನನ್ನ ಕಾಗದ ಸೇರಿತಾ? ಮೂರು ವಾರವಾಯಿತು. ಚಿಕ್ಕಪ್ಪನ ಕೈಗೆ ಸಿಕ್ಕಿತೇನೋ ಅಂತ ಭಯವಾಗಿ ಅಮ್ಮನಿಗೆ ಕೇಳಿದೆ, ನೀನು ಚೆನ್ನಾಗಿದ್ದೀಯ ಅಂದಳು. ಅಷ್ಟೇ ಅಂದಳು.

ಸುಮಂಗಲಾ ಈಗ ಶನಿವಾರ ಶನಿವಾರ ಊರಿಗೆ ಹೋಗುತ್ತಾಳೆ, ಸಾಮಾನು ಕಟ್ಟಿಡಲು. ಸೋಮವಾರ ನಿದ್ದೆ ಇಲ್ಲದೆ ಬಂದು ಕ್ಲಾಸಿನಲ್ಲಿ ಕೂರುತ್ತಾಳೆ. ಆದರೂ ನನಗೆ ಲೆಕ್ಕ ಹೇಳಿಕೊಡುತ್ತಾಳೆ. ನಾನು ಪಾಸಾಗಿದ್ದೇನೆ ತಾತ. ಅವಳಿಂದ.

ಸೌಮ್ಯ

*

19-1-2026

ಚಿ. ಸೌಮ್ಯಳಿಗೆ,

ನಿನ್ನ ಎರಡು ಕಾಗದವೂ ಸೇರಿದವು. ಮುರಳಿಗೆ ಸಿಕ್ಕಿಲ್ಲ. ಬರೆಯದೆ ಇದ್ದಿದ್ದು ನಾನೇ.

ಆ ಅರ್ಜಿಗೆ ನಾನು ಸೈನು ಹಾಕಿದ್ದೇನೆ. ನೀನು ಅದನ್ನು ನೋಡಲಿಲ್ಲವೇ, ಇಲ್ಲಾ ನೋಡಿಯೂ ಬರೆಯಲಿಲ್ಲವೇ, ಗೊತ್ತಿಲ್ಲ. ಹಬ್ಬವಾದ ವಾರಕ್ಕೆ ಮುರಳಿ ಕಾಗದ ತಂದ. ನಲ್ಲಪ್ಪನ ಮನೆ ಜಗಲಿ ಮೇಲೆ ಕುರ್ಚಿ ಹಾಕಿ ಕೂರಿಸಿದರು. ಕಾಫಿ ಅವರ ಮನೆ ಲೋಟದಲ್ಲೇ ಕೊಟ್ಟರು. ನಲ್ಲಪ್ಪ ಪೆನ್ನು ಕೊಟ್ಟು, "ಹೆಬ್ಬೆಟ್ಟು ಯಾಕೆ, ತಾತ ಓದಿರೋರು, ಸೈನ್ ಮಾಡ್ತಾರೆ" ಅಂದ. ಓದಿ ನೋಡಲಿಲ್ಲ. ಕನ್ನಡಕ ಇರಲಿಲ್ಲ ಅಂತ ನಿನಗೆ ಹೇಳಬಹುದು. ಕನ್ನಡಕ ಜೇಬಿನಲ್ಲೇ ಇತ್ತು.

ಈಗ ಊರಲ್ಲಿ ಎದುರಿಗೆ ಬಂದವರು ನಿಂತು ಮಾತನಾಡಿಸುತ್ತಾರೆ. ಎಪ್ಪತ್ತೆಂಟು ವರ್ಷಕ್ಕೆ ಇದು ಸಿಕ್ಕಿತು. ಆ ಶೆಡ್ಡಿನವರು ಒಳ್ಳೆಯ ಜನ, ನನಗೆ ಗೊತ್ತು. ಆ ಬಸಲಿಂಗ ಒಂದು ಸಲ ನಾನು ಕಾಲುವೆ ಹತ್ತಿರ ಬಿದ್ದಾಗ ಎತ್ತಿಕೊಂಡು ಬಂದು ಮನೆಗೆ ಬಿಟ್ಟಿದ್ದ. ಅದೂ ನೆನಪಿದೆ.

ಯಾರಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ. ಕೇಳದೆ ನಾನಾಗಿ ಹೋಗಿ ಹೇಳುವ ಶಕ್ತಿ ಇಲ್ಲ. ಇಷ್ಟಕ್ಕೂ ಬರೆದವಳು ನೀನು. ನನ್ನನ್ನು ಮುಂದೆ ಬಿಟ್ಟವಳೂ ನೀನೇ. ಈಗ ಹಿಂದಕ್ಕೆ ಬಾ ಅಂತ ಕರೆದರೆ ತಕ್ಷಣ ಬರಲು ಈ ಕಾಲಿಗೆ ಆಗುವುದಿಲ್ಲ ಮಗಾ.

ನಿನ್ನ ಮೇಲೆ ಕೋಪವಿಲ್ಲ. ಸುಸ್ತು, ಅಷ್ಟೇ.

ಚಿಕ್ಕಮುನಿಯಪ್ಪ

*

ಹೆಬ್ಬಗೋಡಿ
8 ಫೆಬ್ರವರಿ 2026, ಭಾನುವಾರ

ತಾತ,

ನಿನ್ನ ಸೈನು ನೋಡಿದ್ದೆ. ನೋಡಿಯೇ ಬರೆದಿರಲಿಲ್ಲ.

ಸುಮಂಗಲಾಳಿಗೆ ಹೇಳಿದೆ. ಹೇಗೆ ಹೇಳಬೇಕು ಅಂತ ಹತ್ತು ದಿನ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ, ಕೊನೆಗೆ ಮೆಸ್ಸಿನ ಕ್ಯೂನಲ್ಲಿ ತಟ್ಟೆ ಹಿಡಿದು ನಿಂತಾಗ ಬಾಯಿಗೆ ಬಂದುಬಿಟ್ಟಿತು. "ಆ ಏಳನೇ ಪುಟ ನಾನು ಬರೆದಿದ್ದು. ಅದು ಸುಳ್ಳು." ಅವಳು ಸಾರು ಹಾಕಿಸಿಕೊಂಡಳು, ಹೋಗಿ ಕೂತಳು, ಪೂರ್ತಿ ಉಂಡಳು. ನಾನು ಎದುರಿಗೆ ಕೂತು ಅನ್ನ ಕಲಸುತ್ತಾ ಇದ್ದೆ. ತಟ್ಟೆ ತೊಳೆಯುವಾಗ ಕೇಳಿದಳು, "ಬರಿಯಾಕ ಬರ್ತದಂತ ಏನ್ ಬೇಕಾದ್ದು ಬರಿತೀಯೇನ?" ನಮ್ಮ ತಾತ ಮುಂದೆ ನಡೆಯಲಿ ಅಂತ ಬರೆದೆ ಅಂದೆ. "ಭಾಳ ಚಲೋ ಆತು. ನಿಮ್ ತಾತ ಮುಂದ್ ನಡದ, ನಮ್ಮಪ್ಪ ಮನಿ ಬಿಟ್ಟು ನಡಿಯಾಕತ್ಯಾನ." ಅವಳು ಕೂಗಾಡಲಿಲ್ಲ. ಮಂಚವನ್ನು ಗೋಡೆಯ ಕಡೆಗೆ ಎಳೆದುಕೊಂಡಳು. ಮೂರನೇ ದಿನ ನನ್ನ ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟು, "ಬರಿಯಾಕ ಬರ್ತದಲ್ಲ. ಇನ್ನೊಂದು ಬರಿ" ಅಂದಳು.

ಬರೆದೆ. ಗಂಗಮ್ಮನ ದಾರಿ ಎಂಬುದನ್ನು ಕಲ್ಪಿಸಿ ಬರೆದವಳು ನಾನು, ಅದಕ್ಕೆ ಯಾವ ಆಧಾರವೂ ಇಲ್ಲ ಅಂತ ತಾಲ್ಲೂಕು ಕಚೇರಿಗೆ. ಅಲ್ಲಿದ್ದ ಗುಮಾಸ್ತರು ಎರಡು ಸಲ ಓದಿ, "ಏನಮ್ಮಾ, ಸಂಪ್ರದಾಯ ಇಲ್ಲ ಅಂತ ಯಾರೂ ಅರ್ಜಿ ಕೊಡಲ್ಲ, ಇದೆ ಅಂತ್ಲೇ ಎಲ್ರೂ ಕೊಡೋದು" ಅಂದರು. ಆದರೂ ಸೀಲ್ ಹಾಕಿ ಕೊಟ್ಟರು. ಹದಿನೆಂಟು ವರ್ಷದ ಹುಡುಗಿಯ ಮಾತಿನಿಂದ ಏನೂ ಆಗಲ್ಲ, ದಾರಿಯಲ್ಲಿ ನಡೆದವರು ಇದ್ದರೆ ಸ್ಥಳ ತನಿಖೆಯ ದಿನ ಕರೆದುಕೊಂಡು ಬಾ ಅಂತಲೂ ಹೇಳಿದರು.

ಹೋದ ಭಾನುವಾರ ಸುಮಂಗಲಾಳ ಜೊತೆ ಅವರ ಶೆಡ್ಡಿಗೆ ಹೋಗಿದ್ದೆ. ನಮ್ಮೂರಿಗೇ ಬಂದು ನಿನ್ನನ್ನು ನೋಡದೆ ಹೋದೆ, ಅದಕ್ಕೂ ಕ್ಷಮಿಸು. ಎಲ್ಲ ಹೇಳಿದೆ. ಬಸಲಿಂಗಪ್ಪ ತಲೆ ತಗ್ಗಿಸಿಕೊಂಡೇ ಕೇಳಿದರು. ಮಹಾನಂದಮ್ಮ ಮಾತ್ರ ನಕ್ಕರು. "ಹನ್ನೊಂದು ವರ್ಷದಾಗ ಆ ತಾಯಿ ಒಂದಿನನೂ ಈ ದಾರಿಗುಂಟ ಬಂದಿಲ್ಲವ್ವ. ಬಂದಿದ್ರ ಚಾ ಆದ್ರೂ ಕೊಡ್ತಿದ್ವಿ." ನನಗೆ ಚಾ ಕೊಟ್ಟರು. ಕಪ್ಪುಗಳನ್ನೆಲ್ಲ ಮೂಟೆಯೊಳಗೆ ಕಟ್ಟಿದ್ದರು, ಒಂದನ್ನು ಬಿಚ್ಚಿ ತೆಗೆದರು.

ಚಿಕ್ಕಪ್ಪನಿಗೆ ಕಚೇರಿಯಿಂದ ಸುದ್ದಿ ಹೋಗಿದೆ. ನಿನ್ನೆ ಫೋನ್ ಮಾಡಿದ್ದ. ಬೈದ, ಅದು ಇರಲಿ. ಕೊನೆಗೆ ಒಂದು ಮಾತು ಕೇಳಿದ. "ನಲ್ಲಪ್ಪಣ್ಣ ನಿನ್ ತಾತನ್ನ ಮೇಲೆ ಕೂರಿಸ್ದ ಕಣೇ. ನೀನು ಮೊಮ್ಮಗಳಾಗಿ ಇಳಿಸ್ತೀಯಾ?" ನಾಳೆ ಎದುರು ಬಂದವರು ನಿನ್ನ ಜೊತೆ ನಿಂತು ಮಾತನಾಡದೆ ಹೋದರೆ, ಜಗಲಿಯಲ್ಲಿ ಕುರ್ಚಿ ಹಾಕದಿದ್ದರೆ, ಅದು ನನ್ನಿಂದಲೇ. ನಿನಗೆ ಅದನ್ನು ವಾಪಸ್ ಕೊಡುವಂಥದ್ದು ನಾನು ಏನನ್ನೂ ಬರೆಯಲಾರೆ. ಬರೆದು ಕೊಟ್ಟಿದ್ದೇ ಹೀಗಾಯಿತು.

ಸ್ಥಳ ತನಿಖೆಗೆ ಸರ್ವೆಯವರು ಬರುವುದು ಹತ್ತೊಂಬತ್ತನೇ ತಾರೀಕು ಗುರುವಾರ, ಬೆಳಿಗ್ಗೆ ಹತ್ತೂವರೆಗೆ. ತೂಬಿನ ಹತ್ತಿರದಿಂದ ಅಳೆಯಲು ಶುರು ಮಾಡುತ್ತಾರೆ. ಅಲ್ಲಿ ನಲ್ಲಪ್ಪ ಇರುತ್ತಾನೆ, ಚಿಕ್ಕಪ್ಪ ಇರುತ್ತಾನೆ, ಶೆಡ್ಡಿನವರು ಕೂಲಿ ಬಿಟ್ಟು ಬಂದಿರುತ್ತಾರೆ. ನನಗೆ ಲ್ಯಾಬ್ ಇದೆ, ಬಿಟ್ಟು ಬರುತ್ತೇನೆ. ಕೇಳಿದರೆ ಸುಳ್ಳು ಹೇಳುವುದಿಲ್ಲ ಅಂತ ನೀನು ಬರೆದಿದ್ದೆ. ಅವರು ನಿನ್ನನ್ನು ಕೇಳುವುದಿಲ್ಲ ತಾತ, ನಿನ್ನ ಸೈನು ಇದೆಯಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ. ಎಲ್ಲರ ಎದುರಿಗೆ ಅಲ್ಲೂ ಕೇಳುತ್ತೇನೆ, ನೀನು ಬಂದರೆ.

ನೀನು ಬರದಿದ್ದರೂ ಬೇಜಾರಿಲ್ಲ ಅಂತ ಇಲ್ಲಿ ಬರೆದಿದ್ದೆ. ಹೊಡೆದು ಹಾಕಿದ್ದೇನೆ. ಬೇಜಾರಾಗುತ್ತೆ.

ಹಾಜರಾಗುವವರ ಹೆಸರುಗಳನ್ನು ಹದಿನೇಳನೇ ತಾರೀಕು ಮಂಗಳವಾರ ಕಚೇರಿಗೆ ಕೊಡಬೇಕು. ನನ್ನ ಹೆಸರು ಬರೆದು, ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಬರುತ್ತೀಯೋ ಇಲ್ಲವೋ, ಒಂದೇ ಮಾತು ಸಾಕು, ಅದರ ಹಿಂದಿನ ಸೋಮವಾರದೊಳಗೆ ನನ್ನ ಕೈ ಸೇರುವ ಹಾಗೆ ಬೇಗ ಬರೆದು ಹಾಕು.

ಸೌಮ್ಯ